ಮರಿಸ್ವಾಮಿ ಕೈಬಿಟ್ಟ ಎರಡು ಸಾಲು

ಹಿನಕಲ್ಲಿನ ಮರಿಸ್ವಾಮಿ ಗೋಡೆ ಬರೆಯುವವನು. ನಮ್ಮ ಚಳವಳಿಯ ಧರಣಿ, ಬಂದ್, ಜಾಥಾಗಳಿಗೆಲ್ಲ ಮೈಸೂರಿನ ಗೋಡೆಗಳ ಮೇಲೆ ಬರೆದವನು ಅವನೇ. ಒಂದು ಒತ್ತಕ್ಷರವನ್ನೂ ತಪ್ಪು ಬರೆದವನಲ್ಲ. ಅವನು ಮಾಡಿದ ತಪ್ಪು ಬೇರೆ.

೧೯೯೬ರಲ್ಲಿ ಯಾವುದೋ ಸಂಸ್ಥೆಯವರು ಏಡ್ಸ್ ತಿಳಿವಳಿಕೆಗೆಂದು ನಲವತ್ತು ಗೋಡೆ ಬರೆಯಲು ಅವನಿಗೆ ಒಪ್ಪಿಸಿದರು. ಹಿನಕಲ್, ಮೇಟಗಳ್ಳಿ, ಕೆ.ಆರ್.ಎಸ್. ರಸ್ತೆಯ ಕಾಂಪೌಂಡುಗಳು. ಅವರು ಕೊಟ್ಟ ಚೀಟಿಯಲ್ಲಿ ಒಂದು ತಲೆಬುರುಡೆಯ ಚಿತ್ರ, ಆರು ಸಾಲು. ರೋಗ ಹೇಗೆ ಹರಡುತ್ತದೆ ಎಂದು ಮೊದಲ ನಾಲ್ಕು ಸಾಲು. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಹರಡುವುದಿಲ್ಲ, ರೋಗಿಯನ್ನು ದೂರ ಮಾಡಬೇಡಿ ಎಂದು ಕೊನೆಯ ಎರಡು.

ಮೊದಲು ಚಿತ್ರ, ಆಮೇಲೆ ದಾರಕ್ಕೆ ನೀಲಿ ಪುಡಿ ಸವರಿ ಗೆರೆ ಹೊಡೆದು ಮೇಲಿಂದ ಕೆಳಕ್ಕೆ ಅಕ್ಷರ. ಅದು ಮರಿಸ್ವಾಮಿಯ ಪದ್ಧತಿ. ಬುರುಡೆ ಬರೆಯುವುದೆಂದರೆ ಅವನಿಗೆ ಹಬ್ಬ. ಆಳೆತ್ತರ ಬರೆದ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಗೋಡೆಯೂ ಮುಗಿಯಿತು, ಕೆಳಗೆ ಚರಂಡಿ. ಬುರುಡೆ ಚಿಕ್ಕದು ಮಾಡಲು ಮನಸ್ಸು ಬರಲಿಲ್ಲ. ಕೊನೆಯ ಎರಡು ಸಾಲು ಕೈಬಿಟ್ಟ. ನಲವತ್ತು ಗೋಡೆಯಲ್ಲೂ. ನೋಡಲು ಬಂದ ಸಂಸ್ಥೆಯವರು ಜೀಪಿನಿಂದ ಇಳಿಯದೆ, "ಬುರುಡೆ ಚೆನ್ನಾಗಿ ಬಂದಿದೆ ಕಣ್ರೀ" ಅಂದು ಹೋದರು. ಅಂಥದೇ ಒಂದು ಗೋಡೆಯ ಮುಂದೆ ವರ್ಷಗಟ್ಟಲೆ ಟೀ ಕುಡಿದ ನಮಗೂ ಏನೂ ಕಾಣಲಿಲ್ಲ.

೨೦೦೧ರಲ್ಲಿ ಅವನ ತಮ್ಮ ಸಿದ್ದೇಶನಿಗೇ ಆ ರೋಗ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಯಾರಿಂದ ಬಂತು ಅಂತ ಬೀದಿಯೆಲ್ಲ ಕೇಳಿತು. ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ಔಷಧಿ ಇದೆ ಅಂತ ಗೊತ್ತಿತ್ತು, ಅದು ಫಿಟ್ಟರನ ಕೈಗೆಟುಕುವ ಔಷಧಿಯಲ್ಲ ಅಂತಲೂ ಗೊತ್ತಿತ್ತು. ಬೇಸಿಗೆ ಕಳೆಯುವ ಹೊತ್ತಿಗೆ ಹಾಸಿಗೆಯ ಮೇಲೆ ಮೂಳೆ ಮಾತ್ರ ಉಳಿದಿತ್ತು. ಅವನ ಹೆಂಡತಿ ಪ್ರೇಮಮ್ಮ ನಲ್ಲಿಗೆ ಹೋದರೆ ಉಳಿದ ಹೆಂಗಸರು ತುಂಬದ ಬಿಂದಿಗೆಯನ್ನೂ ಎತ್ತಿಕೊಂಡು ಹೊರಡುತ್ತಿದ್ದರು.

ಸಿದ್ದೇಶ್ ಕೇಳಿದ್ದು ಒಂದೇ.

"ಅಣ್ಣ, ನನ್ನ ಕೂರಿಸೇ ಮಣ್ಣು ಮಾಡ್ತೀಯ ತಾನೆ? ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸುಟ್ಬುಡ್ತಾರಂತೆ."

"ಕೂರಿಸ್ತೀನಿ ಕಣೋ. ಬಾಯಿ ಮುಚ್ಕೊಂಡು ಗಂಜಿ ಕುಡಿ."

"ಬಾಯಿ ಮುಚ್ಕೊಂಡು ಎಂಗಣ್ಣ ಕುಡೀಲಿ?"

ಲಿಂಗಾಯತರು ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಡುತ್ತಾರೆ. ಉಸಿರು ನಿಂತ ಮೇಲೆ ತಡ ಮಾಡುವಂತಿಲ್ಲ. ಮೈ ಸೆಟೆದುಕೊಂಡರೆ ಕಾಲು ಮಡಚುವುದಿಲ್ಲ. ಒಬ್ಬ ಹಿಂದಿನಿಂದ ಹಿಡಿಯಬೇಕು, ಇನ್ನೊಬ್ಬ ಕಾಲು ಮಡಚಬೇಕು. ಹಿನಕಲ್ಲಿನಲ್ಲಿ ಆ ಕೆಲಸ ಬಲ್ಲವನು ಗುರುಮಲ್ಲಪ್ಪ. ಮರಿಸ್ವಾಮಿಯ ಅಪ್ಪನನ್ನು ಕೂರಿಸಿದವನೂ ಅವನೇ. ಮರಿಸ್ವಾಮಿ ಮೊದಲೇ ಹೋಗಿ ಅವನ ಜಗುಲಿಯಲ್ಲಿ ಕೂತ.

"ಗುರುಮಲ್ಲಣ್ಣ, ಅವನದ್ದು ಇನ್ನು ನಾಕೈದು ದಿನ. ನೀವು ಬರಬೇಕು."

ಗುರುಮಲ್ಲಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಬೇಡ ಕಣಪ್ಪ. ಮನೇಲಿ ಮೊಮ್ಮಕ್ಕಳವೆ."

"ಮುಟ್ಟಿದ್ರೆ ಬರಲ್ಲ. ಆಸ್ಪತ್ರೆ ನರ್ಸಮ್ಮನೇ ಹೇಳಿದಾರೆ. ಗ್ಲೌಸೂ ಕೊಟ್ಟವ್ರೆ."

"ಬರಲ್ಲ ಅನ್ನೋದಾದ್ರೆ ಗ್ಲೌಸ್ ಯಾಕೆ ಕೊಟ್ರು?"

"ಯಾವ ಹೆಣ ಮುಟ್ಟಿದ್ರೂ ಅವರು ಹಾಕ್ಕೋತಾರಣ್ಣ."

"ನೋಡು ಮರಿಸ್ವಾಮಿ. ನನ್ನ ಮನೆ ಎದುರಿಗೇ ಬರೆದಿದ್ದೀಯ. ಐದು ವರ್ಷದಿಂದ ದಿನಾ ಓದ್ತಾ ಇದೀನಿ. ಮುಟ್ಟಿದ್ರೆ ಬರಲ್ಲ ಅಂತ ಎಲ್ಲಿ ಬರೆದಿದ್ದೀಯ, ತೋರ್ಸು. ಹೆದರ್ಕೊಳ್ಳಿ ಅಂದೆ, ಹೆದರ್ಕೊಂಡಿದೀವಿ."

ಮರಿಸ್ವಾಮಿ ಮನೆಗೆ ಹೋಗಲಿಲ್ಲ. ಸುಣ್ಣದ ಡಬ್ಬ ತಂದು ಆ ಗೋಡೆಯ ಬುರುಡೆಯ ಮೇಲೆ ಬಳಿದ. ಎನಾಮಲ್ ಪೇಂಟಿನ ಮೇಲೆ ಸುಣ್ಣ ನಿಲ್ಲದೆ ಜಾರುತ್ತಿತ್ತು. ಮೂರು ಕೈ ಹೊಡೆದು, ಒಣಗಿಸಿ, ಬಿಟ್ಟಿದ್ದ ಎರಡು ಸಾಲು ಬರೆದ. ಮಾರನೆಯ ದಿನ ಮೇಟಗಳ್ಳಿಯ ಗೋಡೆ. ಅದರ ಮಾರನೆಯ ದಿನ ಮತ್ತೆ ಹಿನಕಲ್. ಟೀ ಅಂಗಡಿಯ ಸಣ್ಣಯ್ಯ ಗ್ಲಾಸು ತೊಳೆಯುತ್ತಲೇ ಕೇಳಿದ, "ಏನ್ ಸ್ವಾಮಿ, ತಮ್ಮನಿಗೆ ಬಂದ ಮೇಲೆ ರೋಗಾನೇ ಬದಲಾಗೋಯ್ತಾ?"

ಮರಿಸ್ವಾಮಿ ಬುರುಡೆಯ ಮೇಲೆ ಇನ್ನೊಂದು ಕೈ ಸುಣ್ಣ ಹೊಡೆದ.

ಆ ಮಧ್ಯಾಹ್ನವೇ ಪ್ರೇಮಮ್ಮ ಆಚೆ ಮನೆಯ ಹುಡುಗಿಯನ್ನು ಗೋಡೆಯ ಹತ್ತಿರ ಓಡಿಸಿದಳು. ಸಿದ್ದೇಶ್ ಹೋಗಿದ್ದ. ಮರಿಸ್ವಾಮಿ ಬ್ರಷ್ಷು ಬಿಸಾಕಿ ಮನೆಗೆ ಹೋಗುವ ಬದಲು ಗುರುಮಲ್ಲಪ್ಪನ ಬಾಗಿಲಿಗೆ ಹೋದ. ಒಳಗಿನಿಂದ ಚಿಲಕ. ಟಿವಿ ಸದ್ದು ಕೇಳುತ್ತಿತ್ತು. ಕೂಗಿದ, ಬಾಗಿಲು ಗುದ್ದಿದ, ಹೊಸ್ತಿಲಿಗೆ ಹಣೆ ಹಚ್ಚಿದ. ಟಿವಿ ಸದ್ದು ಜೋರಾಯಿತು. ಇನ್ನೆರಡು ಮನೆ ತಟ್ಟಿದ. ಒಂದು ಗಂಟೆಯ ಮೇಲಾಯಿತು.

ಬಂದು ನೋಡಿದರೆ ಪ್ರೇಮಮ್ಮ ಗಂಡನ ಎಡಗಾಲನ್ನು ಮಡಚಿ, ಅದರ ಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿ ಕೂತಿದ್ದಾಳೆ. ಬೆವರು ಸುರಿಯುತ್ತಿದೆ.

"ಭಾವ, ಒಂದು ಕಾಲು ಹಿಡ್ಕೊಂಡಿದೀನಿ. ಇನ್ನೊಂದು ನನ್ನ ಕೈಲಾಗ್ಲಿಲ್ಲ."

ಬಲಗಾಲು ಸೆಟೆದಿತ್ತು. ಇಬ್ಬರೂ ಸೇರಿ ಒತ್ತಿದರು. ಮಡಚಲಿಲ್ಲ. ಹಾಗೇ ಗೋಡೆಗೆ ಒರಗಿಸಿ ಪಂಚೆಯಿಂದ ಕಟ್ಟಿದರು.

ಗುಂಡಿ ತೋಡಿದ್ದು ನಾವು ಮೂವರು, ಚಳವಳಿಯ ಗೆಳೆಯರು. ಆ ಕಾಲಿಗಾಗಿ ಒಂದು ಮಗ್ಗುಲಿಗೆ ಉದ್ದ ತೋಡಿದೆವು. ಅಯ್ಯನವರು ದೂರದ ಬೇವಿನ ಮರದ ಕೆಳಗೆ ನಿಂತೇ ಮಂತ್ರ ಹೇಳಿದರು. ಹೆಣ ಇಳಿಸುವ ಹೊತ್ತಿಗೆ ನಾವೂ ಎರಡು ಹೆಜ್ಜೆ ಹಿಂದೆ ಸರಿದೆವು. ಸುಳ್ಳು ಯಾಕೆ ಹೇಳಲಿ. ಹೆಂಗಸರು ಗುಂಡಿಗೆ ಇಳಿಯುವ ಪದ್ಧತಿಯಿಲ್ಲ. ಪ್ರೇಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಅವಳು ಎದೆಗೆ ಒರಗಿಸಿಕೊಂಡು ಹಿಡಿದಳು, ಮರಿಸ್ವಾಮಿ ತಮ್ಮನ ಕೈಯಲ್ಲಿ ಲಿಂಗ ಇಟ್ಟ. ತಲೆ ಎಷ್ಟು ಸಲ ಎತ್ತಿ ನಿಲ್ಲಿಸಿದರೂ ವಾಲುತ್ತಿತ್ತು. ಕೊನೆಗೆ ವಾಲಿದ ಹಾಗೇ ಮಣ್ಣು ಎಳೆದರು.

ಆ ವರ್ಷದ ಮಳೆಗೆ ಸುಣ್ಣ ತೊಳೆದುಹೋಯಿತು, ಅದರ ಜೊತೆಗೆ ಎರಡು ಸಾಲೂ. ಗುರುಮಲ್ಲಪ್ಪನ ಮನೆ ಎದುರಿಗೆ ಬುರುಡೆ ಮತ್ತೆ ಎದ್ದು ನಿಂತಿತು. ಮರಿಸ್ವಾಮಿ ಆಮೇಲೆ ಯಾವ ಗೋಡೆ ಹಿಡಿದರೂ ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೊನೆಯ ಸಾಲು ಮೊದಲು ಬರೆಯುತ್ತಿದ್ದ. ಊರಿಗೆ ಫ್ಲೆಕ್ಸ್ ಬಂದಿದೆ. ಅವನಿಗೆ ಗೋಡೆ ಕೊಡುವವರು ಈಗ ಯಾರೂ ಇಲ್ಲ.