ಕರೆಂಟ್ ಹೋದ ಮೇಲೂ ನಿಲ್ಲದ ಪಾಡ್‌ಕಾಸ್ಟ್

ಬಿಸಿನೆಸ್ ಕಲಿಯಲು ಯಾವ ಪಾಡ್‌ಕಾಸ್ಟ್ ಕೇಳಬೇಕು ಅನ್ನುತ್ತಿದ್ದಿರಲ್ಲ ಗೆಳೆಯರೇ, ಇವತ್ತು ರಾಯದುರ್ಗದಲ್ಲಿ ಒಂದು ಕೇಳಿ ಬಂದೆ.

ಬಸಣ್ಣ ಅಲ್ಲಿ ಜೀನ್ಸ್ ಹೊಲಿಯುವ ಯುನಿಟ್ ನಡೆಸುತ್ತಿದ್ದ. ಹೊಸಬರಿಗೆ ವ್ಯಾಪಾರದ ಪಾಠ ಅಂತ ಫೋನಿನಲ್ಲೇ ಪಾಡ್‌ಕಾಸ್ಟ್ ಮಾಡಿದ್ದ. ಹೋದ ವರ್ಷ ತೀರಿಕೊಂಡ. ಈಗ ಯುನಿಟ್ ಅವನ ಹೆಂಡತಿ ಗಂಗಕ್ಕನದು. ಅದನ್ನು ಕೊಳ್ಳುವ ಮಾತಾಡಲು ಹೋಗಿದ್ದೆ.

ಒಳಗೆ ಕಾಲಿಟ್ಟೆ. ಗೋಡೆಯ ಸ್ಪೀಕರಿನಿಂದ ಬಸಣ್ಣ ಒಮ್ಮೆ ಕೆಮ್ಮಿ, "ಬರ್ರಿ, ಊಟ ಆತೇನ್ರಿ?" ಅಂದ.

"ಆತ್ರಿ" ಅಂದುಬಿಟ್ಟೆ.

"ಚಲೋ ಆತು, ಕುಂದರ್ರಿ."

ಕೂತೂ ಬಿಟ್ಟೆ!

"ಹೆದರಬ್ಯಾಡ್ರಿ ಅಣ್ಣಾ" ಅಂದಳು ಗಂಗಕ್ಕ. "ಕೇಳೋರು ಉತ್ತರ ಕೊಡ್ಲಿ ಅಂತ ಅವ್ರು ನಡುನಡುವ ಜಾಗಾ ಬಿಟ್ಟು ಮಾತಾಡ್ಯಾರ. ದಿನಾ ಹಚ್ತೀನ್ರಿ. ಇಲ್ಲಾಂದ್ರ ಈ ಹೊಲಿಯೋ ಹೆಣ್ಮಕ್ಕಳ ಕೈ ಓಡಂಗಿಲ್ಲ."

ನಾನು ಯುನಿಟ್ಟಿನ ಮಾತೆತ್ತಿದೆ. ಆಕೆ ಬಾಯಿ ತೆರೆಯುವ ಮುಂಚೆ ಸ್ಪೀಕರ್ ಹೇಳಿತು: "ಕಷ್ಟ ಬಂತಂತ ಯುನಿಟ್ ಮಾರಬ್ಯಾಡ್ರಿ. ಮೊದ್ಲು—"

ಕರೆಂಟ್ ಹೋಯಿತು. ಮಷಿನ್, ಫ್ಯಾನ್, ಬಸಣ್ಣನ ದನಿ ಎಲ್ಲ ಒಟ್ಟಿಗೆ ನಿಂತವು. ಆ ಅರೆಗತ್ತಲಲ್ಲಿ ಹೊಲಿಯುವ ಹೆಂಗಸರೆಲ್ಲ, ತಲೆಯನ್ನೂ ಎತ್ತದೆ, ಥೇಟ್ ಬಸಣ್ಣನ ಹಾಗೆ ಒಮ್ಮೆ ಕೆಮ್ಮಿ, ಒಂದೇ ದನಿಯಲ್ಲಿ ಅವನ ಮಾತು ಮುಗಿಸಿದರು: "ಮೊದ್ಲು ಹೊಲಿಯೋರ್ನ ಕೇಳ್ರಿ."

"ಕೇಳಿದ್ರಲ್ರಿ?" ಅಂದಳು ಗಂಗಕ್ಕ.

ಎದ್ದು ಬಂದೆ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದ. ಊರಿನ ಹೆಸರು ಹೇಳುವ ಮುಂಚೆ ನಾನೂ ಒಮ್ಮೆ ಕೆಮ್ಮಿದೆ, ಹಾಗೇ.

ಪಾಡ್‌ಕಾಸ್ಟ್ ಕೇಳಿದರೆ ವ್ಯಕ್ತಿತ್ವ ಬೆಳೆಯುತ್ತದಂತೆ. ಯಾರದು ಅಂತ ಮಾತ್ರ ಯಾರೂ ಹೇಳುವುದಿಲ್ಲ.