ಕಳ್ಳನ ಅಕ್ಕ
ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಜಾಲವನ್ನು ಕಾಯುವ ಮೇಡಂಗೆ ನಾವಿಟ್ಟ ಹೆಸರು ಕಳ್ಳನ ಅಕ್ಕ. ಊಟದ ಡಬ್ಬಿ ತೆರೆಯುವಾಗಲೂ "ಈಗ ಅವನು ಏನು ಯೋಚಿಸ್ತಿರ್ತಾನೆ?" ಎನ್ನುತ್ತಾರೆ. 'ಅವನು' ಎಂದರೆ ಎಲ್ಲೋ ಕುಳಿತು ನಮ್ಮ ಜಾಲಕ್ಕೆ ನುಗ್ಗಲು ಹೊಂಚುಹಾಕುವ, ಯಾರೂ ಕಾಣದ ಕಳ್ಳ. ಗಂಡನಿಗಿಂತ ಅವನ ಸ್ವಭಾವವೇ ಅವರಿಗೆ ಚೆನ್ನಾಗಿ ಗೊತ್ತು. ಕಾಯಬೇಕಾದ ದಾರಿಗಳು ಹತ್ತಾರು, ತಡೆಯಬಲ್ಲವರು ಅವರೊಬ್ಬರೇ. ನಾನು ಬರೀ ಸಹಾಯಕ. ಹಾಗಾಗಿ ವಿಭಾಗಗಳ ಹೆಸರು ಬರೆದ ಚೀಟಿಗಳನ್ನು ಲೋಟಕ್ಕೆ ಹಾಕಿ, ದಿನಾ ಬೆಳಿಗ್ಗೆ ಒಂದನ್ನು ಎತ್ತಿ, ಅದರಲ್ಲಿ ಬಂದ ವಿಭಾಗದ ಮೇಲೆ ಅಂದು ಕಣ್ಣಿಡುತ್ತಾರೆ. "ಭದ್ರತೆ ಅಂದ್ರೆ ಲಾಟರಿ ಏನ್ರೀ?" ಎಂದು ಮೇಲಧಿಕಾರಿ ರೇಗಿದರೆ, "ನಾಳೆ ಎಲ್ಲಿರ್ತೀನಿ ಅಂತ ನನಗೇ ಗೊತ್ತಿಲ್ಲ ಸಾರ್, ಅವನಿಗೆ ಹೇಗೆ ಗೊತ್ತಾಗುತ್ತೆ?" ಎನ್ನುತ್ತಾರೆ. ಆದರೆ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಚೀಟಿಯೇ ಇಲ್ಲ. ಅಲ್ಲಿ ಏನೇ ಸ್ವಲ್ಪ ಅಲುಗಾಡಿದರೂ ಉಳಿದದ್ದೆಲ್ಲ ಬಿಟ್ಟು ಅಲ್ಲಿಗೇ ತಿರುಗುತ್ತಾರೆ. ಅವನು ಅದನ್ನು ಕಂಡುಕೊಂಡ. ಮೊನ್ನೆ ಆ ಘಟಕದ ಯಂತ್ರಗಳನ್ನು ಕೆಣಕುತ್ತಲೇ ಕಚೇರಿಯ ಕಡತಗಳಿಗೂ ಕೈಹಾಕಿದ. "ಮೇಡಂ, ಮಕ್ಕಳ ಕಡೆ ಬರೀ ನಾಟಕ, ಇಲ್ಲಿ ನೋಡಿ" ಎಂದು ನಾನು ಗೋಗರೆದೆ. ಅವರ ಕಣ್ಣು ಘಟಕವನ್ನು ಬಿಡಲಿಲ್ಲ. ಕಡತಗಳೆಲ್ಲ ಹೋದವು. "ನಾಟಕ ಅಂತ ನಿಮಗೆ ಗೊತ್ತಾಗಲಿಲ್ವಾ?" ಎಂದು ಮೇಲಧಿಕಾರಿ ವಿಚಾರಣೆಯಲ್ಲಿ ಕೇಳಿದರು. "ಗೊತ್ತಾಯ್ತು ಸಾರ್" ಎಂದರು ಮೇಡಂ. "ಆದ್ರೆ ಒಳಗೆ ಮಕ್ಕಳು ಆ ಯಂತ್ರದಲ್ಲೇ ಉಸಿರಾಡ್ತಿದ್ವು. ನನ್ನ ಲೆಕ್ಕ ತಪ್ಪಿದ್ರೆ? ನಾಳೆ ಅವನು ಮತ್ತೆ ಬಂದ್ರೂ ನಾನು ಅಲ್ಲೇ ಕೂರ್ತೀನಿ. ಅದೂ ಅವನಿಗೆ ಗೊತ್ತು."