ಕತ್ತರಿಯೋ ಕಿರಣವೋ

ಇವತ್ತು ಬೆಳಗ್ಗೆ ಸ್ನಾನಕ್ಕೆ ನಿಂತಾಗ ಸೋಪು ಕೈಯಲ್ಲೇ ಉಳಿಯಿತು. ಎದೆಯ ಎಡಭಾಗದಲ್ಲಿ ಆಸ್ಪತ್ರೆಯವರು ಹಾಕಿದ ಶಾಯಿ ಗುರುತಿದೆ. ಕಿರಣ ಬಿಡುವುದು ಮುಗಿಯುವವರೆಗೂ ಅಳಿಸಬಾರದಂತೆ. ಈ ವಯಸ್ಸಿನಲ್ಲಿ ಹಚ್ಚೆಯಂಥದೊಂದು ಬಂತಲ್ಲ ಎಂದು ಕನ್ನಡಿಯಲ್ಲಿ ನೋಡಿಕೊಂಡೆ. ಇದಕ್ಕೇನು ಇಷ್ಟು ಸಂಭ್ರಮ ಅಂತೀರಾ? ಕೇಳಿ.

ಎಂಟು ವರ್ಷದ ಹಿಂದೆ ನನ್ನ ಬಲ ಶ್ವಾಸಕೋಶದ ಕ್ಯಾನ್ಸರನ್ನು ಆಪರೇಷನ್ ಮಾಡಿ ತೆಗೆದಿದ್ದರು. ಬೀಡಿ ನನ್ನದೇ, ತಪ್ಪೂ ನನ್ನದೇ. ಆಮೇಲೆ ಬೀಡಿ ಬಿಟ್ಟೆ, ಜಂಬ ಬಿಡಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರು ಸಿಕ್ಕರೂ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಿದ್ದೆ. "ಅಣ್ಣಾ, ಟಿಕೆಟ್ ಇಡು" ಎಂದು ಪಕ್ಕದ ಮನೆಯ ಮುನಿರಾಜು ಅಣಕಿಸುತ್ತಿದ್ದ.

ಈ ಸಲ ಚೆಕಪ್‌ನಲ್ಲಿ ಎಡಗಡೆ ಸಣ್ಣ ಗಂಟು ಕಂಡಿತು. ಹಳೆಯದು ತಿರುಗಿ ಬಂದದ್ದಲ್ಲ, ಬೇರೆಯೇ ಹೊಸ ಕ್ಯಾನ್ಸರ್ ಎಂದರು ಡಾಕ್ಟರಮ್ಮ. ಎರಡು ದಾರಿ ಹೇಳಿದರು. ಕತ್ತರಿಸಿದರೆ ಗಂಟು ಕೈಗೆ ಸಿಗುತ್ತದೆ, ಕಾಯಿಲೆ ಹರಡಿದೆಯೇ ಎಂದು ಸುತ್ತಲಿನ ಗ್ರಂಥಿಗಳನ್ನೂ ಪರೀಕ್ಷಿಸಬಹುದು. ಆದರೆ ಉಳಿದಿರುವ ಉಸಿರಿನಲ್ಲಿ ಇನ್ನಷ್ಟು ಹೋಗುತ್ತದೆ. ಕಿರಣವಾದರೆ ಕುಯ್ಯುವುದಿಲ್ಲ, ಕೆಲವು ಸಲ ಬಂದು ಮಲಗಿದರೆ ಸಾಕು. ಆದರೆ ಗ್ರಂಥಿಗಳನ್ನು ತೆಗೆದು ನೋಡಲಾಗದು, ಮುಂದೆ ಸ್ಕ್ಯಾನಿನಲ್ಲಿ ಕಾಣುವುದು ಕಿರಣ ಉಳಿಸಿದ ಕಲೆಯೋ ಕಾಯಿಲೆಯೋ ಎಂದು ಕಾಯಬೇಕಾಗಬಹುದು.

ನಾನು ನೇಕಾರ. ಸೀರೆಯಲ್ಲಿ ಕುಂದು ಬಂದರೆ ಆ ಭಾಗ ಕತ್ತರಿಸುತ್ತೇವೆ. ದೀಪ ಹಿಡಿದು ವಾಸಿ ಮಾಡುತ್ತೇವೆಯೇ?

"ಕತ್ತರಿಸಿಬಿಡಿ" ಎಂದೆ.

"ಮೆಟ್ಟಿಲು ಹತ್ತುತ್ತೀರಾ?"

"ಎರಡು ಮಹಡಿ, ಓಡಿಕೊಂಡು."

ಹೇಳುತ್ತಲೇ ಹೆಂಡತಿ ಸರೋಜಳ ಕಡೆ ಅಂಗೈ ಕೆಳಗೆ ಮಾಡಿ ಒತ್ತಿದೆ. ಪವರ್‌ಲೂಮಿನ ಸದ್ದಿನಲ್ಲಿ ಮಾತು ಕೇಳದು, ನಮಗೆ ಕೈಯೇ ಬಾಯಿ. ಅಂಗೈ ಒತ್ತಿದರೆ 'ಮಗ್ಗ ನಿಲ್ಲಿಸಬೇಡ, ಓಡಲಿ' ಎಂದರ್ಥ. ಮೊದಲ ಸಲ ಕೆಮ್ಮಿನಲ್ಲಿ ರಕ್ತ ಕಂಡಾಗಲೂ ಅವಳಿಗೆ ಇದೇ ಸನ್ನೆ ಮಾಡಿದ್ದೆ. ಅವಳು ಸುಮ್ಮನಾಗಿದ್ದಳು. ನಾನು ಆಸ್ಪತ್ರೆಗೆ ಹೋಗುವವರೆಗೂ ಆ ಭಯವನ್ನು ಅವಳೊಬ್ಬಳೇ ಹೊತ್ತಳು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಈ ಸಲ ಸರೋಜ ಸುಮ್ಮನಾಗಲಿಲ್ಲ. ಮಗ್ಗದ ಸದ್ದನ್ನು ಮೀರಿ ಬೆಳೆದ ಗಂಟಲು. ಹೊರಗೆ ಕೂತವರಿಗೆಲ್ಲ ಕೇಳಿಸಿತು.

"ಸುಳ್ಳು ಕಣಮ್ಮಾ! ನಾನು ಟೆರೇಸಲ್ಲಿ ಬಟ್ಟೆ ಒಣಗಾಕಿ ಬರೋವರೆಗೂ ಇವ್ರು ಮೆಟ್ಟಿಲ ಮೇಲೇ ಕೂತಿರ್ತಾರೆ. ಓಡ್ತಾರಂತೆ, ಓಡ್ತಾರೆ!"

ಡಾಕ್ಟರಮ್ಮ ನಕ್ಕು ನನ್ನಿಂದ ಉಸಿರು ಅಳೆಯುವ ಕೊಳವೆಯೊಳಗೆ ಊದಿಸಿದರು. ಕೊಳವೆಯೂ ಸರೋಜಳ ಪಕ್ಷ ಸೇರಿತು.

"ಇಷ್ಟೇ ಉಸಿರಿರೋವಾಗ ಕತ್ತರಿ ಹಾಕಿದ್ರೆ ಗಂಟು ಹೋದ್ರೂ ನೀವು ನಡೆದಾಡೋದು ಕಷ್ಟ ಆಗ್ಬಹುದು ತಾತ. ಉಸಿರು ಗಟ್ಟಿ ಇದ್ದೋರಿಗೆ ಬೇರೆ ಹೇಳ್ತಿದ್ದೆ. ನಿಮಗೆ ಕಿರಣವೇ ಸರಿ."

ನನ್ನ ಸುಳ್ಳನ್ನು ನಂಬಿದ್ದರೆ ಏನಾಗುತ್ತಿತ್ತೋ! ಅವಮಾನಕ್ಕೆ ಕಿವಿ ಬಿಸಿಯಾಗಿತ್ತು. ಆದರೂ ಒಳಗೆ ಏನೋ ಹಗುರಾಗಿ, ವಾಪಸ್ ಬರುವಾಗ ಬಸ್ಸಿನಲ್ಲಿ ಕೂತೇ ಇಬ್ಬರಿಗೂ ಕಡಲೆಕಾಯಿ ಕೊಂಡೆ.

ಇವತ್ತು ಕಿರಣದ ಕೊನೆಯ ಸಲ ಮುಗಿಸಿ ಆಸ್ಪತ್ರೆಯಿಂದ ಹೊರಬಂದೆವು. ಗಂಟು ಸತ್ತಿತೋ ಇಲ್ಲವೋ ಮುಂದಿನ ಸ್ಕ್ಯಾನುಗಳೇ ಹೇಳಬೇಕು. ಬಸ್‌ಸ್ಟ್ಯಾಂಡಿಗೆ ಹೊರಟವನು ಅರ್ಧ ದಾರಿಯಲ್ಲಿ ನಿಂತು ಒಂದು ಅಂಗಡಿ ಕಟ್ಟೆಯ ಮೇಲೆ ಕೂತೆ. ಮುಂದೆ ಹೋಗಿದ್ದ ಸರೋಜ ತಿರುಗಿದಳು.

"ಉಸಿರು ಸಾಲ್ತಿಲ್ಲ ಕಣೇ" ಎಂದೆ, ನಾಲ್ಕು ಜನರೆದುರಿಗೇ. "ಭಯನೂ ಆಗ್ತಿದೆ."

ಅವಳು ಬಂದು ನನ್ನ ಪಕ್ಕ ಕೂತಳು. "ನಂಗೂ ಆಗ್ತಿದೆ ರೀ. ಬಸ್ಸು ಹೋದ್ರೆ ಹೋಗ್ಲಿ, ಇನ್ನೊಂದು ಬರುತ್ತೆ."